ಕಟ್ಟಿ ಪುರಾಣ: ಖಾಲಿ ಕುಂತವರ ಪ್ರಶ್ನಿ, ಖಾಲಿ ಕುಂತವನ ಉತ್ತರ

ಈ ಸಲ ಬಂದ ಪತ್ರದಾಗ ಅರ್ಧ ಊಟದ್ದು, ಇನ್ನರ್ಧ ಮೊಬೈಲಿಂದು. ರಾಜಕೀಯ ಕೇಳಿದವರೂ ಒಬ್ಬರಿದ್ರು, ಅವರ ಪತ್ರ ಕಟ್ಟಿ ಮ್ಯಾಗ ಇಟ್ಟಿದ್ದೆ, ಯಾರೋ ಅದರ ಮ್ಯಾಲೆ ಮಿರ್ಚಿ ಭಜಿ ಇಟ್ಕೊಂಡು ತಿಂದು ಹೋಗ್ಯಾರ, ಎಣ್ಣಿ ಹೀರಿ ಅಕ್ಷರ ಕಾಣವಲ್ವು. ಕ್ಷಮಾ ಇರ್ಲಿ.

ಪ್ರಶ್ನಿ: ಕಾಕಾರ, ಮಗ ಬೆಂಗಳೂರಿಂದ ಕರೆಂಟಿನ ರೊಟ್ಟಿ ಮೇಕರ್ ತಂದು ಕೊಟ್ಟಾನ. ಚಪಾತಿ ಹೆಂಗೋ ಆಗ್ತಾವು, ಜೋಳದ ರೊಟ್ಟಿ ಮಾಡಾಕ ಹೋದ್ರ ಅಂಚೆಲ್ಲ ಸೀಳಿ ಬ್ಯಾಸಗಿ ಎರಿಹೊಲ ಬಿರದಂಗ ಆಗತೈತಿ. ತಪ್ಪು ಮಶೀನಿಂದೋ, ಜೋಳದ್ದೋ, ನಂದೋ?
— ನವನಗರ, ಹುಬ್ಬಳ್ಳಿ

ಉತ್ತರ: ತಪ್ಪು ಮಗಂದ್ರೀ ಅಕ್ಕಾರ, ತರೂಕಿಂತ ಮೊದಲ ಒಂದು ಫೋನ್ ಮಾಡಿ ಕೇಳಬೇಕಿತ್ತು. ಗೋಧಿ ಹಿಟ್ಟಿನ್ಯಾಗ ಗ್ಲುಟೆನ್ ಅಂತ ಒಂದು ಜಿಗುಟು ಇರತೈತಿ, ನೀರು ಹಾಕಿ ನಾದಿದ ಕೂಡ್ಲೆ ಅದು ರಬ್ಬರಿನಂಗ ಎಳೀತೈತಿ, ಅದಕ್ಕ ಚಪಾತಿ ಲಟ್ಟಿಸ್ರಿ ಒತ್ರಿ ಏನ ಮಾಡ್ರಿ ಸುಮ್ನ ಹಿಗ್ಗತೈತಿ. ಜೋಳದಾಗ ಆ ಸಾಮಾನ ಇಲ್ಲ. ಇಲ್ಲ ಅಂತ ನಮ್ಮ ಅಜ್ಜಿಗೆ ಯಾರೂ ಹೇಳಿರಲಿಲ್ಲ, ಆದ್ರೂ ಅಕಿ ಎಸರಿಟ್ಟು ಕುದಿಯೋ ನೀರ ಹಿಟ್ಟಿಗೆ ಹಾಕ್ತಿದ್ಲು. ಬಿಸಿನೀರಿಗೆ ಜೋಳದ ಪಿಷ್ಟ ಅರಳಿ ಅಂಟಾಗತೈತಿ, ಗಂಜಿ ಅಂಟಾದಂಗ, ರೊಟ್ಟಿ ಹಿಡಕೊಂಡು ನಿಲ್ಲೋದು ಆ ಅಂಟಿನ ಮ್ಯಾಲೆ. ಆದ್ರ ಅಂಟು ಬಂತಂತ ಅದು ರಬ್ಬರ್ ಆಗಂಗಿಲ್ಲ, ಎರಡು ತಟ್ಟಿ ನಡುವ ಒಮ್ಮಿಗೇ ಅದುಮಿದ್ರ ಹಿಗ್ಗೂದು ಬಿಟ್ಟು ಸೀಳತೈತಿ. ಕೈಲೆ ಬಡಿಯೋವಾಗ ನೋಡ್ರಿ, ಒಂದು ಕೈ ಬಡಕೋತ ಇನ್ನೊಂದು ಕೈ ತಿರುವಕೋತ ಹೋಗತೈತಿ, ಎಲ್ಲಿ ಅಂಚು ಒಡೀತೋ ಅಲ್ಲೇ ಒಂದು ಬಟ್ಟು ಒಳಗ ಒತ್ತತೈತಿ, ಒಟ್ಟ ರಿಪೇರಿ ನಡದಿರತೈತಿ. ಹಂಚಿಗೆ ಹಾಕಿದ ಮ್ಯಾಲೆ ನೀರಿನ ಅರಿವಿ ಸವರೋದೂ ಅದರದ ಭಾಗ, ಮ್ಯಾಲಿನ ಹಿಟ್ಟು ಒಣಗಿ ಬಿರಿಯಬಾರದು ಅಂತ. ಇಷ್ಟೆಲ್ಲ ನಿಮ್ಮ ಮಗನ ಡಬ್ಬಿ ಮಾಡಂಗಿಲ್ಲ. ಚಪಾತಿಗೆ ಬಳಸ್ರಿ, ಅಂವ ಊರಿಗೆ ಬಂದಾಗ ಮಾತ್ರ ಕಣ್ಣಿಗೆ ಬೀಳಂಗ ಒಲಿ ಬಾಜೂಕ ಇಡ್ರಿ.

ಪ್ರಶ್ನಿ: ಧಾರವಾಡ ಪೇಡಾ ಫ್ರಿಜ್‌ನಾಗ ಇಡಬೇಕೋ ಹೊರಗ ಇಡಬೇಕೋ?
— ಹಾವೇರಿ

ಉತ್ತರ: ನಿಮ್ಮ ಮನ್ಯಾಗ ಉಳೀತಾವೇನ್ರಿ?

ಪ್ರಶ್ನಿ: ಕಾಕಾ, ದುರ್ಗದಬೈಲಿನ್ಯಾಗ ಗಿರಮಿಟ್ ತಿಂದು ಸ್ಕ್ಯಾನ್ ಮಾಡಿದ್ರ ಆ ಸ್ಪೀಕರ್ ಡಬ್ಬಿ 'ಇಪ್ಪತ್ತು ರೂಪಾಯಿ' ಅಂತ ಓಣಿಗೆಲ್ಲ ಕೇಳಂಗ ಒದರತೈತಿ. ಹುಡುಗಿ ಜೋಡಿ ಹೋದಾಗ ಮರ್ಯಾದಿ ಪ್ರಶ್ನಿ. ಮೆಲ್ಲಕ ಹೇಳಾಕ ಬರಂಗಿಲ್ಲೇನು?
— ವಿದ್ಯಾನಗರದ ಹಾಸ್ಟೆಲ್ ಹುಡುಗ

ಉತ್ತರ: ಲೇ ತಮ್ಮಾ, ಆ ಡಬ್ಬಿಗೂ ನಿನ್ನ ಫೋನಿಗೂ ಸಂಬಂಧ ಇಲ್ಲ, ಅದರೊಳಗ ಅದರದ ಒಂದು ಸಿಮ್ ಇರತೈತಿ. ನಿನ್ನ ಬ್ಯಾಂಕು ಅವರ ಬ್ಯಾಂಕಿಗೆ ರೊಕ್ಕ ಮುಟ್ಟಿಸಿದ ಮ್ಯಾಲೆ ಕಂಪನಿ ಸರ್ವರಿಂದ ಡಬ್ಬಿಗೆ ಸುದ್ದಿ ಬರತೈತಿ, ಆಗ ಒದರತೈತಿ. 2016ರಾಗ ಯುಪಿಐ ಶುರುವಾಯ್ತು, ಆಮ್ಯಾಲೆ ಕೆಲವು ಶಾಣ್ಯಾ ಮಂದಿ ಹಳೇ ಸ್ಕ್ರೀನ್‌ಶಾಟ್ ತೋರ್ಸಿ ತಿಂದು ಹೋಗಾಕ ಹತ್ತಿದ್ರು. ಗಿರಮಿಟ್ ಮಾಡೋವನ ಎರಡೂ ಕೈ ಚುರುಮುರಿ, ಉಳ್ಳಾಗಡ್ಡಿ, ಗೊಜ್ಜಿನ್ಯಾಗ ಇರ್ತಾವು, ಅಂವ ಫೋನ್ ಹೆಂಗ ನೋಡ್ಯಾನು? ಕಿವಿ ಒಂದ ಖಾಲಿ, ಅದಕ್ಕ ಡಬ್ಬಿ ಇಟ್ಟಾನ. ನಂದೂ ಒಂದು ಕತಿ ಐತಿ ಕೇಳು, ಚಾಳೀಸ್ ಮರೆತು ಹೋಗಿದ್ದೆ, ಇಪ್ಪತ್ತರ ಬದ್ಲಿ ಇನ್ನೂರು ಒತ್ತಿಬಿಟ್ಟೆ, ಡಬ್ಬಿ 'ಇನ್ನೂರು' ಅಂದ ಕೂಡ್ಲೆ ಸಾಲಿನ್ಯಾಗ ನಿಂತವರೆಲ್ಲ ತಿರುಗಿ ನೋಡಿದ್ರು, ಒಂದು ಕ್ಷಣ ನಾನೂ ದೊಡ್ಡ ಮನಶ್ಯಾ ಅನಿಸ್ತು. ಗಾಡಿಯಂವ ಚಿಲ್ರಿ ಇಲ್ಲ ಅಂದ. ಈಗ ಒಂಬತ್ತು ಪ್ಲೇಟ್ ಗಿರಮಿಟ್ ಅವನ ಕಡೆ ನನ್ನ ಉದ್ರಿ ಐತಿ, ಜಗತ್ತಿನ್ಯಾಗ ಗಿರಾಕಿ ಅಂಗಡಿಯವಂಗ ಉದ್ರಿ ಕೊಟ್ಟಿದ್ದು ನಾನೊಬ್ಬನ ಇರಬೇಕು. ಹುಡುಗಿ ಮುಂದ ಮರ್ಯಾದಿ ಬೇಕಂದ್ರ ಎರಡು ಪ್ಲೇಟ್ ತೊಗೋ, ಮಿರ್ಚಿನೂ ಹೇಳು, ಡಬ್ಬಿ ತಾನ ದೊಡ್ಡ ನಂಬರ್ ಹೇಳತೈತಿ.

ಪ್ರಶ್ನಿ: ವಾಯ್ಸ್ ಟೈಪಿಂಗ್ ನಮ್ಮ ಮಾತು ತಿಳಕೊಳ್ಳವಲ್ದು. ಆಫೀಸಿಗೆ 'ಹೊಂಟೀನ್ರಿ' ಅಂತ ಹೇಳಿದ್ರ 'ಹೊಟ್ಟೆನೋವು' ಅಂತ ಬಡದು ಕಳಿಸೈತಿ. ಸಾಹೇಬ್ರು 'ರೆಸ್ಟ್ ತೊಗೊಳ್ರಿ' ಅಂದ್ರು. ಏನು ಮಾಡ್ಲಿ?
— ಬೆಟಗೇರಿ, ಗದಗ

ಉತ್ತರ: ರೆಸ್ಟ್ ತೊಗೊಳ್ರಿ. ಆ ಸಾಫ್ಟ್‌ವೇರ್ ತಾನು ಕೇಳಿದ್ದನ್ನ ಕಲೀತೈತಿ, 'ಹೊರಟಿದ್ದೇನೆ' ಅನ್ನೋರ ದನಿ ಹೆಚ್ಚು ಕೇಳಿದ್ರ ನಮ್ಮ 'ಹೊಂಟೀನಿ' ಅದಕ್ಕ ಬ್ಯಾನಿ ಬಂದವರ ನರಳಾಟ ಅನಸತೈತಿ. ಇದನ್ನ ಯಾರಿಗೂ ಕಂಪ್ಲೇಂಟ್ ಮಾಡಾಕ ಹೋಗಬ್ಯಾಡ್ರಿ, ರಿಪೇರಿ ಆದ್ರ ಸೂಟಿ ಹೋಕ್ಕೈತಿ.

ಪ್ರಶ್ನಿ: ಬ್ಯಾಡಗಿ ಮೆಣಸಿನಕಾಯಿ ಅಂತ ಜಂಬ ಹೊಡೀತೀರಿ, ತಿಂದ್ರ ಖಾರನ ಇಲ್ಲ. ಖಾರ ಇಲ್ಲದ ಮೆಣಸಿನಕಾಯಿಗೆ ಅಷ್ಟು ರೇಟ್ ಯಾಕ?
— ಊರು ಬರದಿಲ್ಲ, ಹೆದರಿರಬೇಕು

ಉತ್ತರ: ಖಾರ ಕೊಡೋದು ಕ್ಯಾಪ್ಸೈಸಿನ್, ಕೆಂಪು ಕೊಡೋದು ಬ್ಯಾರೆ, ಕ್ಯಾಪ್ಸಾಂಥಿನ್ ಅಂತ. ಬ್ಯಾಡಗಿ ಎರಡನೇದ್ರಾಗ ಸಾಹುಕಾರ. ಮುದುಕನ ಕೆನ್ನಿಯಂಗ ಸುಕ್ಕು ಬಿದ್ದಿರತೈತಿ, ಆದ್ರ ಅದರಿಂದ ತಗದ ಬಣ್ಣದೆಣ್ಣಿ ಲಿಪ್‌ಸ್ಟಿಕ್, ನೇಲ್ ಪಾಲಿಶ್ ಮಾಡೋ ಕಡೆನೂ ಹೋಗತೈತಿ. 2011ರಾಗ ಜಿಐ ಟ್ಯಾಗೂ ಬಂತು. ನಿಮಗ ಬರೇ ಖಾರ ಬೇಕಂದ್ರ ಗುಂಟೂರು ಕಾಯಿ ತಿನ್ರಿ, ಆಮ್ಯಾಲೆ ನೀರು ಕುಡಿಬ್ಯಾಡ್ರಿ, ಕ್ಯಾಪ್ಸೈಸಿನ್ ನೀರಾಗ ಕರಗಂಗಿಲ್ಲ, ಹಾಲೋ ಮೊಸರೋ ತೊಗೊಳ್ರಿ. ಮುಂದಿನ ಸಲ ಊರಿನ ಹೆಸರು ಬರೀರಿ.

ಪ್ರಶ್ನಿ: ಡಾಕ್ಟರು ದಿನಾ ಹತ್ತು ಸಾವಿರ ಹೆಜ್ಜಿ ನಡೀರಿ ಅಂದಾರ. ಮಳಿಗಾಲ, ಹೊರಗ ರಾಡಿ. ಹುಬ್ಬಳ್ಳಿ ಸ್ಟೇಶನ್ ಪ್ಲಾಟ್‌ಫಾರ್ಮ್ ಮ್ಯಾಗ ನಡದ್ರ ನಡೀತೈತೇನ್ರಿ?
— ಕೇಶ್ವಾಪುರದ ನಿವೃತ್ತ ಕ್ಲಾರ್ಕ್

ಉತ್ತರ: ಭರ್ಜರಿ ಐಡಿಯಾ ಮಾಮಾರ. ನಮ್ಮ ಪ್ಲಾಟ್‌ಫಾರ್ಮ್ 1507 ಮೀಟರ್, ಜಗತ್ತಿನ್ಯಾಗ ಅಷ್ಟುದ್ದದ್ದು ಇನ್ನೊಂದಿಲ್ಲ, ಮೊದಲ ಗೋರಖಪುರದ್ದು 1366 ಮೀಟರಿಂದ ಮುಂದ ಇತ್ತು, 2023ರ ಮಾರ್ಚಿನ್ಯಾಗ ನಮ್ಮದು ಉದ್ಘಾಟನಿ ಆಗಿ ಅದನ್ನ ಹಿಂದ ಹಾಕ್ತು. ಒಂದು ಹೆಜ್ಜಿ ಮುಕ್ಕಾಲು ಮೀಟರ್ ಅಂತ ಹಿಡೀರಿ, ಈ ತುದಿಯಿಂದ ಆ ತುದಿಗೆ ಎರಡು ಸಾವಿರ ಹೆಜ್ಜಿ. ಐದು ಸಲ ತುದಿ ಮುಟ್ಟಿದ್ರ ಲೆಕ್ಕ ಚುಕ್ತಾ. ಪ್ಲಾಟ್‌ಫಾರ್ಮ್ ಟಿಕೆಟ್ ಹತ್ತು ರೂಪಾಯಿ, ಎರಡು ತಾಸು ನಡೀತೈತಿ, ಜಲ್ದಿ ನಡದ್ರ ಒಂದೂವರಿ ತಾಸಿಗೆ ಮುಗೀತೈತಿ, ಉಳದ ಅರ್ಧ ತಾಸು ಚಾ. ಆದ್ರ ಐದನೇ ಸಲಕ್ಕ ನೀವು ಆ ತುದಿಗೆ ಇರ್ತೀರಿ, ಗಾಡಿ ಈ ತುದಿಗೆ ನಿಲ್ಲಿಸಿರ್ತೀರಿ, ಇನ್ನೂ ಎರಡು ಸಾವಿರ ಬೋನಸ್ಸು.

ಅಂದಂಗ ಈ ಹತ್ತು ಸಾವಿರ ಡಾಕ್ಟರ್ ಮಂದಿ ಮೊದಲು ಹೇಳಿದ್ದಲ್ರಿ. 1965ರಾಗ ಜಪಾನಿನ್ಯಾಗ ಹೆಜ್ಜಿ ಎಣಿಸೋ ಮೀಟರ್ ಮಾರಾಕ ಬಂತು, ಅದರ ಹೆಸರು ಮಾನ್ಪೊ-ಕೇ, ಅಂದ್ರ ಹತ್ತು ಸಾವಿರ ಹೆಜ್ಜಿ ಮೀಟರ್. ಸಾಮಾನ ಮಾರೋರು ಇಟ್ಟ ಹೆಸರು ನಮ್ಮ ನಿಮ್ಮ ಕಾಲಿಗೆ ಗಂಟು ಬಿತ್ತು. ಮತ್ತ ಈ ವಾಚುಗೋಳು ಕಾಲು ನೋಡಿ ಎಣಸಂಗಿಲ್ಲ, ಕೈ ಒಂದು ತಾಳಕ್ಕ ಅಲ್ಲಾಡಿದ್ರ ಹೆಜ್ಜಿ ಅಂತ ತಿಳಕೋತಾವು. ಎಳ್ಳ ಅಮಾಸಿ ಮುಂದ ನಮ್ಮ ಮನಿಯಾಕಿ ನನ್ನ ವಾಚ್ ಕಟ್ಕೊಂಡು ಸಜ್ಜಿ ರೊಟ್ಟಿ ಬಡಿಯಾಕ ಕುಂತಿದ್ಲು, ರಾತ್ರಿ ನೋಡಿದ್ರ ಅಡಗಿಮನಿ ಬಿಟ್ಟು ಕದಲದಾಕಿ ಲೆಕ್ಕ ನಾ ಉಣಕಲ್ ಕೆರಿ ದಂಡಿಗೆ ನಡದದ್ದಕ್ಕಿಂತ ಜಾಸ್ತಿ ಏರಿತ್ತು. ಅವತ್ತಿಂದ ವಾಚ್ ಅಕಿ ಕೈಯಾಗ, ರಿಪೋರ್ಟ್ ನನ್ನ ಹೆಸರಲೆ. ಮೊನ್ನೆ ಡಾಕ್ಟರಿಗೆ ತೋರ್ಸಿದೆ, 'ಭಾಳ ಚಲೋ ನಡದೀರಿ' ಅಂದ್ರು, ಆಮ್ಯಾಲೆ ನನ್ನ ಹೊಟ್ಟಿ ಕಡೆ ನೋಡಿದ್ರು, ಮತ್ತೊಮ್ಮೆ ರಿಪೋರ್ಟ್ ನೋಡಿದ್ರು.