ಅರ್ಧ ಡೇಟಾ ಮಾತ್ರ ಕೈಯಲ್ಲಿದೆ, ಇಜಿಯುಗೆ ಅಬ್‌ಸ್ಟ್ರಾಕ್ಟ್ ಕಳಿಸಬಹುದಾ?

ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನಿಂದ ಬರುವ ಶುದ್ಧೀಕರಿಸಿದ ನೀರು ತುಂಬಿದ ಕೋಲಾರದ ಕೆರೆಗಳ ಸುತ್ತ ಅಂತರ್ಜಲ ಅಳೆಯುತ್ತಿದ್ದೀರಿ, ಪಿಎಚ್‌ಡಿ ಎರಡನೇ ವರ್ಷ. ವಿಯೆನ್ನಾದಲ್ಲಿ ನಡೆಯುವ ಯುರೋಪಿಯನ್ ಜಿಯೋಸೈನ್ಸಸ್ ಯೂನಿಯನ್ (ಇಜಿಯು, ಭೂವಿಜ್ಞಾನಿಗಳ ಸಂಘ) ಸಮ್ಮೇಳನಕ್ಕೆ ಅಬ್‌ಸ್ಟ್ರಾಕ್ಟ್, ಅಂದರೆ ಕೆಲಸದ ಸಾರಾಂಶ, ಕಳಿಸಿ ಅಂತ ಗೈಡ್ ಹೇಳಿದ್ದಾರೆ. ಕೊನೆಯ ದಿನಕ್ಕೆ ಇನ್ನು ಹತ್ತು ದಿನ, ಡೇಟಾ ಅರ್ಧ ಮಾತ್ರ ಬಂದಿದೆ. ಕಳಿಸಬಹುದಾ, ಕಳಿಸಿದರೆ ಏನು ಬರೆಯಬೇಕು ಅಂತ ಕೇಳಿದ್ದೀರಿ.

ಖಂಡಿತ ಕಳಿಸಿ. ಆದರೆ ಬಂದಿರುವ ಅರ್ಧದ ಬಗ್ಗೆ ಬರೆಯಿರಿ, ಬರಬೇಕಾದ ಅರ್ಧದ ಬಗ್ಗೆ ಬೇಡ.

ನನ್ನದೂ ಅಂತರ್ಜಲದ ಕೆಲಸವೇ. ಮೊದಲ ಸಲ ಇದೇ ಸಮ್ಮೇಳನಕ್ಕೆ ಕಳಿಸಿದಾಗ ಅಬ್‌ಸ್ಟ್ರಾಕ್ಟ್‌ನ ಮುಕ್ಕಾಲು ಭಾಗ ಬರಗಾಲ, ಬೋರ್‌ವೆಲ್, ನೀರಿನ ಮಹತ್ವ ಅಂತಲೇ ಮುಗಿದಿತ್ತು. ಕೊನೆಯ ಸಾಲು, ‘ಫಲಿತಾಂಶಗಳನ್ನು ಸಮ್ಮೇಳನದಲ್ಲಿ ಚರ್ಚಿಸಲಾಗುವುದು.’ ಪೋಸ್ಟರ್‌ಗೆ ಒಪ್ಪಿಗೆ ಸಿಕ್ಕಿತು. ಅಷ್ಟು ದೂರ ಹೋಗಿ ಪೋಸ್ಟರ್ ಪಕ್ಕ ನಿಂತರೆ ನನ್ನ ವಿಷಯದವರು ಯಾರೂ ಬರಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ನೋಡಿ ಹೋದರು, ಅಷ್ಟೇ. ಆಮೇಲೆ ಅರ್ಥವಾಯಿತು. ಅಲ್ಲಿ ಸಾವಿರಾರು ಪೋಸ್ಟರ್ ಇರುತ್ತವೆ. ಜನ ಮೊದಲೇ ಅಬ್‌ಸ್ಟ್ರಾಕ್ಟ್ ಓದಿ, ಯಾವುದನ್ನು ನೋಡಬೇಕು ಅಂತ ಗುರುತು ಹಾಕಿಕೊಂಡು ಬರುತ್ತಾರೆ. ನನ್ನದರಲ್ಲಿ ಗುರುತು ಹಾಕಿಕೊಳ್ಳುವಂಥದ್ದು ಏನೂ ಇರಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಆ ಒಂದು ಸಾಲನ್ನು ಮಾತ್ರ ಬರೆಯಬೇಡಿ. ಅದರ ಜಾಗದಲ್ಲಿ ನೀವು ಕಂಡದ್ದನ್ನು ಅಂಕಿ ಸಮೇತ ಬರೆಯಿರಿ. ‘ಕೆರೆಯಿಂದ 1 ಕಿ.ಮೀ. ಒಳಗಿನ 20 ಬೋರ್‌ವೆಲ್‌ಗಳಲ್ಲಿ ಒಂದು ವರ್ಷದಲ್ಲಿ ನೀರಿನ ಮಟ್ಟ 6 ಮೀಟರ್ ಏರಿತು, 5 ಕಿ.ಮೀ. ಆಚೆಯ ಬೋರ್‌ವೆಲ್‌ಗಳಲ್ಲಿ ಏರಲಿಲ್ಲ’, ಈ ಥರ. ಈ ಅಂಕಿಗಳು ಸುಮ್ನೆ ಉದಾಹರಣೆಗೆ ಹಾಕಿದ್ದು, ನಿಮ್ಮವನ್ನು ನೀವು ಹಾಕಿ. ಒಂದೇ ವರ್ಷದ ಡೇಟಾ ಇದ್ದರೆ ಒಂದೇ ವರ್ಷದ್ದು ಅಂತ ಹೇಳಿ. ಆ ವರ್ಷ ಮಳೆ ಜಾಸ್ತಿ ಬಿದ್ದಿದ್ದರೆ ಅದನ್ನೂ ಹೇಳಿ. ಇಲ್ಲದಿದ್ದರೆ ನೀರು ಏರಿದ್ದು ಕೆರೆಯಿಂದಲೋ ಮಳೆಯಿಂದಲೋ ಅಂತ ಮೊದಲು ಬಂದವರೇ ಕೇಳುತ್ತಾರೆ. ಉಳಿದ ಡೇಟಾ ಏಪ್ರಿಲ್ ಒಳಗೆ ಬಂದರೆ ಪೋಸ್ಟರ್‌ನಲ್ಲಿ ಸೇರಿಸಿಕೊಳ್ಳಬಹುದು. ಬರುತ್ತದೆ ಅಂತ ನಂಬಿ ಈಗಲೇ ಬರೆದುಬಿಡಬೇಡಿ. ಇಜಿಯು ಅಬ್‌ಸ್ಟ್ರಾಕ್ಟ್‌ಗೆ ಡಿಒಐ (ಶಾಶ್ವತ ಗುರುತಿನ ಸಂಖ್ಯೆ) ಸಿಗುತ್ತದೆ. ಯಾರು ಬೇಕಾದರೂ ಓದುವ ಹಾಗೆ ನಿಮ್ಮ ಹೆಸರಿನ ಜೊತೆ ಉಳಿದುಬಿಡುತ್ತದೆ.

ಹಿನ್ನೆಲೆಗೆ ಎರಡು ಸಾಲು ಸಾಕು. ಕೋಲಾರ ಅಂದರೆ ಹೊರಗಿನವರಿಗೆ ಗೊತ್ತಿಲ್ಲ, ನಿಜ. ಆದರೆ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ 2018ರಿಂದ ಕೋಲಾರದ ಒಣಗಿದ ಕೆರೆಗಳಿಗೆ ಪಂಪ್ ಮಾಡುತ್ತಿದ್ದಾರೆ ಅಂತ ಒಂದು ಸಾಲು ಬರೆದು ನೋಡಿ. ನೀರಿನ ಮೇಲೆ ಕೆಲಸ ಮಾಡುವ ಯಾರಾದರೂ ಅಲ್ಲಿ ನಿಂತು ಓದುತ್ತಾರೆ. ಇಷ್ಟು ಒಳ್ಳೆಯ ವಿಷಯ ಕೈಯಲ್ಲಿಟ್ಟುಕೊಂಡು ‘ನೀರು ಜೀವಜಲ’ ಅಂತ ಶುರು ಮಾಡುವುದು ಬೇಡ, ಅಲ್ವಾ? 100ರಿಂದ 500 ಪದ ಅಂತ ಹೇಳುತ್ತಾರೆ. 300 ಧಾರಾಳ.

ಸೆಷನ್ (ಒಂದೊಂದು ವಿಷಯದ ಗೋಷ್ಠಿ) ಆಯ್ಕೆಗೆ ಅರ್ಧ ದಿನ ಕೊಡಿ. ಜಲವಿಜ್ಞಾನ ವಿಭಾಗದಲ್ಲೇ ಸೆಷನ್‌ಗಳು ತುಂಬ ಇವೆ. ಹೆಸರು ನೋಡಿ ಆರಿಸಬೇಡಿ, ವಿವರಣೆ ಪೂರ್ತಿ ಓದಿ. ನಿಮ್ಮದನ್ನು ಓದಿ ಒಪ್ಪುವವರು ಆ ಸೆಷನ್ ನಡೆಸುವ ಕನ್ವೀನರ್‌ಗಳೇ. ಅನುಮಾನ ಇದ್ದರೆ ಅವರಿಗೇ ನಾಲ್ಕು ಸಾಲಿನ ಮೇಲ್ ಹಾಕಿ. ಅದರಲ್ಲಿ ಸಂಕೋಚ ಪಡುವಂಥದ್ದು ಏನಿಲ್ಲ, ನನಗೆ ಒಬ್ಬರು ಮರುದಿನವೇ ಉತ್ತರ ಬರೆದಿದ್ದರು.

ಬೋರ್‌ವೆಲ್ ಡೇಟಾ ಯಾವುದಾದರೂ ಇಲಾಖೆ ಕೊಟ್ಟದ್ದಾದರೆ ಅವರ ಒಪ್ಪಿಗೆ ಇವತ್ತೇ ಕೇಳಿ. ಸಹಲೇಖಕರೆಲ್ಲರೂ ಓದಿ ಸರಿ ಅನ್ನಬೇಕು. ನಿಮ್ಮ ಗೈಡ್ ಕೂಡ ಹೆಸರು ನೋಡಿ ಸುಮ್ಮನಾದರೆ ಸಾಲದು, ಕೂತು ಓದಬೇಕು.

ಕೊನೆಯ ದಿನದ ಬಗ್ಗೆ ಒಂದು ಎಚ್ಚರಿಕೆ. ಈಚಿನ ವರ್ಷಗಳಲ್ಲಿ ಅವರ ಗಡುವು ಅಲ್ಲಿಯ ಮಧ್ಯಾಹ್ನ 1 ಗಂಟೆಗೆ ಇತ್ತು. ಅಂದರೆ ನಮ್ಮಲ್ಲಿ ಸಂಜೆ 5.30. ರಾತ್ರಿ 12ರ ತನಕ ಸಮಯ ಇದೆ ಅಂದುಕೊಂಡು ಕೂರಬೇಡಿ. ಕಳಿಸುವಾಗಲೇ ಶುಲ್ಕ ಕಟ್ಟಬೇಕು, ಅದು ವಾಪಸ್ ಬರುವುದಿಲ್ಲ. ಎರಡನೇ ಸಲ ಗಡುವಿಗೆ 20 ನಿಮಿಷ ಇರುವಾಗ ನನ್ನ ಕಾರ್ಡ್ ನಡೆಯಲಿಲ್ಲ. ವಿದೇಶಿ ಪಾವತಿ ಆಫ್ ಆಗಿತ್ತು. 2020ರಿಂದ ಹೊಸ ಕಾರ್ಡ್‌ಗಳು ಮೊದಲಿಗೆ ದೇಶದೊಳಗೆ ಮಾತ್ರ ನಡೆಯುತ್ತವೆ, ವಿದೇಶಿ ಪಾವತಿಯನ್ನು ನಾವೇ ಆನ್ ಮಾಡಿಕೊಳ್ಳಬೇಕು. ಗೆಳತಿಯ ಕಾರ್ಡ್‌ನಿಂದ ಕಟ್ಟಿ ಬಚಾವಾದೆ. ನೀವು ಇವತ್ತೇ ಬ್ಯಾಂಕ್ ಆ್ಯಪ್ ತೆಗೆದು ನೋಡಿಬಿಡಿ.

ಇಜಿಯುದೇ ಪ್ರಯಾಣದ ನೆರವಿಗೆ ಅರ್ಜಿ ಹಾಕುವ ಸಮಯ ಡಿಸೆಂಬರ್ ಶುರುವಿನಲ್ಲೇ ಮುಗಿದಿರುತ್ತದೆ, ಅದು ಮುಂದಿನ ವರ್ಷಕ್ಕೆ ನೆನಪಿರಲಿ. ಈ ಸಲ ಇಲ್ಲಿನ ಅನುದಾನಗಳನ್ನೇ ನೋಡಬೇಕು. ಅನುದಾನ ಕೊಡುವವರು ಅಬ್‌ಸ್ಟ್ರಾಕ್ಟ್‌ನ ಒಪ್ಪಿಗೆ ಪತ್ರ ಕೇಳುತ್ತಾರೆ. ಆ ಪತ್ರ ಬಂದ ದಿನವೇ ಅನುದಾನಕ್ಕೂ ಷೆಂಗೆನ್ ವೀಸಾಕ್ಕೂ ಒಟ್ಟಿಗೆ ಕೂತುಬಿಡಿ. ಅಬ್‌ಸ್ಟ್ರಾಕ್ಟ್ ಬರೆದಾದ ಮೇಲೆ ಇಲ್ಲೇ ಹಾಕಿದರೆ ನಾನೂ ಒಮ್ಮೆ ಓದಿ ಹೇಳುತ್ತೇನೆ.