6.4 ಮತ್ತು 6.7: ಯಾವುದು ಸರಿ?

ತಾಯಿಯವರ ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿ ಮಟ್ಟವನ್ನು ಸೂಚಿಸುವ ಪರೀಕ್ಷೆ) ಉಡುಪಿಯಲ್ಲಿ ಶೇ 6.4, ಅದೇ ವಾರ ಮಂಗಳೂರಿನಲ್ಲಿ ಶೇ 6.7 ಬಂದಿದೆ, ಯಾವ ಲ್ಯಾಬ್ ನಂಬಲಿ ಎಂದು ಕೇಳಿದ್ದೀರಿ. ಎರಡನ್ನೂ ನಂಬಬಹುದು. ಲ್ಯಾಬ್‌ನವರು ಒಂದೇ ನಿಯಂತ್ರಣ ಮಾದರಿಯನ್ನು (ಯಂತ್ರವನ್ನು ಪರಖಿಸಲೆಂದೇ ಇಟ್ಟ ಮಾದರಿ) ತಿಂಗಳುಗಟ್ಟಲೆ ಪರೀಕ್ಷಿಸಿ, ಫಲಿತಾಂಶ ಎಷ್ಟು ಚದುರುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಆ ಚದುರುವಿಕೆ ಫಲಿತಾಂಶದ ಶೇ 2ರಷ್ಟು ಎಂದುಕೊಳ್ಳಿ. ಬಹುಪಾಲು ಫಲಿತಾಂಶಗಳು ಒಳಗೆ ಬರುವಂತೆ ಅದರ ಇಮ್ಮಡಿ ಹಿಡಿದರೆ 6.5ರ ಆಸುಪಾಸಿನಲ್ಲಿ ±0.26. ಎರಡು ಲ್ಯಾಬ್‌ಗಳನ್ನು ಹೋಲಿಸುವಾಗ ಎರಡರಲ್ಲೂ ಚದುರುವಿಕೆ ಇರುವುದರಿಂದ ಇದನ್ನು 1.41ರಿಂದ (2ರ ವರ್ಗಮೂಲ) ಗುಣಿಸಬೇಕು: ಸುಮಾರು 0.37. ನಿಮ್ಮ 0.3 ಅದರೊಳಗೇ ಇದೆ (ಯಂತ್ರಗಳ ಕ್ಯಾಲಿಬ್ರೇಷನ್ ವ್ಯತ್ಯಾಸವನ್ನು ನಾನಿನ್ನೂ ಸೇರಿಸಿಯೇ ಇಲ್ಲ).

ಮಧುಮೇಹದ ಗೆರೆ ಸರಿಯಾಗಿ 6.5ರಲ್ಲೇ ಇರುವುದು ತಲೆನೋವು. ಮೂರನೇ ಲ್ಯಾಬ್ ಹುಡುಕಬೇಡಿ; ಖಾಲಿಹೊಟ್ಟೆಯ ಸಕ್ಕರೆ ಮತ್ತು ಹಿಮೋಗ್ಲೋಬಿನ್ ನೋಡಿಸಿ ವೈದ್ಯರಿಗೆ ತೋರಿಸಿ. ಕಬ್ಬಿಣದ ಕೊರತೆಯಿದ್ದರೆ ಎಚ್‌ಬಿಎ1ಸಿ ಸುಮ್ಮನೆ ಏರಿರಬಹುದು. ಲ್ಯಾಬ್‌ಗೆ ಐಎಸ್‌ಒ 15189 (ವೈದ್ಯಕೀಯ ಲ್ಯಾಬ್‌ಗಳ ಅಂತರರಾಷ್ಟ್ರೀಯ ಗುಣಮಟ್ಟ) ಮಾನ್ಯತೆ ಇದ್ದರೆ ಅನಿಶ್ಚಿತತೆಯ ಅಂಕಿಯನ್ನೂ ಕೇಳಿ, ಕೊಡಬೇಕಾದದ್ದೇ.