ಬೂಟ್ ಆಗುವಾಗಲೇ ನಿಲ್ಲುವ ಕರ್ನಲ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಪ್ರಾಜೆಕ್ಟಿಗೆಂದು ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಕಂಪೈಲ್ ಮಾಡಿ ಹಳೆ ಡೆಸ್ಕ್‌ಟಾಪಿಗೆ ಹಾಕಿದೆ. 'ಲೋಡಿಂಗ್ ಇನಿಶಿಯಲ್ ರಾಮ್‌ಡಿಸ್ಕ್' ಎಂದು ಬಂದು ಅಲ್ಲೇ ನಿಲ್ಲುತ್ತದೆ. ಹಳೆ ಕರ್ನಲ್ ಸರಿಯಾಗಿ ಬೂಟ್ ಆಗುತ್ತದೆ. ಎಲ್ಲಿಂದ ಹುಡುಕಲಿ?
– ವಿದ್ಯಾರ್ಥಿ, ಕಾರವಾರ

ಉತ್ತರ: ಆ ಸಾಲು ಕರ್ನಲ್‌ನದಲ್ಲ, ಕರ್ನಲ್ಲನ್ನು ಲೋಡ್ ಮಾಡುವ ಗ್ರಬ್ ಎಂಬ ಪ್ರೋಗ್ರಾಮಿನದು. ಅದರ ನಂತರ ಪರದೆ ಸುಮ್ಮನಿದ್ದರೆ ಕರ್ನಲ್ ನಿಂತೇಹೋಗಿದೆ ಎನ್ನಲಾಗದು; ಬರೆಯಲು ಅದಕ್ಕೆ ಕನ್ಸೋಲ್ (ಸಂದೇಶ ತೋರಿಸುವ ಪರದೆ ಅಥವಾ ಪೋರ್ಟ್) ಸಿಕ್ಕಿರಲಿಕ್ಕಿಲ್ಲ. ಒಂದೆರಡು ನಿಮಿಷ ಬಿಟ್ಟು ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ದೀಪ ಹತ್ತಿ ಆರಿದರೆ ಕರ್ನಲ್ ಜೀವಂತವಾಗಿದೆ, ಗ್ರಾಫಿಕ್ಸ್ ಡ್ರೈವರ್ ಮೇಲೆ ಅನುಮಾನ ಇಡಿ. ಆ ಡ್ರೈವರ್ ಪರದೆಯ ಮೋಡ್ ಬದಲಿಸದಂತೆ ತಡೆಯುವ 'ನೋಮೋಡ್‌ಸೆಟ್' ಆಯ್ಕೆ ಕೊಟ್ಟು (ಕೊಡುವ ಬಗೆ ಮುಂದಿದೆ) ಬೂಟ್ ಮಾಡಿದರೆ ಗೊತ್ತಾಗುತ್ತದೆ. ದೀಪ ಹತ್ತದಿದ್ದರೆ ಮಾತ್ರ ಏನೂ ಖಾತ್ರಿಯಿಲ್ಲ, ಯುಎಸ್‌ಬಿ ಕೀಬೋರ್ಡಿನ ಡ್ರೈವರ್ ಇನ್ನೂ ಬಂದಿರಲಿಕ್ಕಿಲ್ಲ.

ಈಗ ಕರ್ನಲ್‌ನ ಬಾಯಿ ಬಿಡಿಸಬೇಕು. ಗ್ರಬ್ ಮೆನುವಿನಲ್ಲಿ 'ಇ' ಒತ್ತಿ, 'ಲಿನಕ್ಸ್' ಎಂದು ಶುರುವಾಗುವ ಸಾಲಿನಿಂದ 'ಕ್ವಯಟ್', 'ಸ್ಪ್ಲ್ಯಾಶ್' ತೆಗೆಯಿರಿ. ಕೊನೆಗೆ 'ಇಗ್ನೋರ್_ಲಾಗ್‌ಲೆವೆಲ್', 'ಇನಿಟ್‌ಕಾಲ್_ಡೀಬಗ್' ಸೇರಿಸಿ, ಕಂಟ್ರೋಲ್-ಎಕ್ಸ್ ಒತ್ತಿ. ಬದಲಾವಣೆ ಆ ಒಂದು ಬೂಟ್‌ಗೆ ಮಾತ್ರ, ಧೈರ್ಯವಾಗಿ ಮಾಡಿ. ಯುಇಎಫ್‌ಐ (ಹಳೆ ಬಯೋಸ್‌ನ ಜಾಗಕ್ಕೆ ಬಂದ ಫರ್ಮ್‌ವೇರ್) ಇರುವ ಯಂತ್ರವಾದರೆ 'ಅರ್ಲಿಕಾನ್=ಇಎಫ್‌ಐಎಫ್‌ಬಿ' ಮತ್ತು 'ಕೀಪ್_ಬೂಟ್‌ಕಾನ್' ಕೂಡ ಬೇಕು. ಹಳೆಯ ಡೆಸ್ಕ್‌ಟಾಪಿನಲ್ಲಿ ಸೀರಿಯಲ್ ಪೋರ್ಟ್ ಇದ್ದರೆ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ: 'ಅರ್ಲಿಪ್ರಿಂಟ್‌ಕೆ=ಸೀರಿಯಲ್,ಟಿಟಿವೈಎಸ್0,115200' ಮತ್ತು 'ಕನ್ಸೋಲ್=ಟಿಟಿವೈಎಸ್0,115200' ಕೊಟ್ಟು, ಎರಡು ಕಂಪ್ಯೂಟರುಗಳ ಸೀರಿಯಲ್ ಪೋರ್ಟುಗಳನ್ನು ನೇರ ಜೋಡಿಸುವ ನಲ್ ಮೋಡೆಮ್ ಕೇಬಲ್‌ನಿಂದ ಇನ್ನೊಂದು ಕಂಪ್ಯೂಟರಿನಲ್ಲಿ ಓದಿ. ಉಪ್ಪುಗಾಳಿಗೆ ಪಿನ್ ಹಸಿರುಗಟ್ಟಿದ್ದರೆ ಮೊದಲು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಕಡಲಂಚಿನ ಊರಿನಲ್ಲಿ ಇದು ಸಣ್ಣ ಮಾತಲ್ಲ. ಸೆಕೆಂಡಿಗೆ ಸುಮಾರು 11,500 ಅಕ್ಷರಗಳಷ್ಟೇ ದಾಟುವುದರಿಂದ ಬೂಟ್ ನಿಧಾನವಾಗುತ್ತದೆ, ಅದನ್ನೇ ಫ್ರೀಜ್ ಅಂದುಕೊಳ್ಳಬೇಡಿ.

'ಇನಿಟ್‌ಕಾಲ್_ಡೀಬಗ್' ಕೊಟ್ಟಾಗ, ಬೂಟ್ ವೇಳೆ ಓಡುವ ಪ್ರತಿ ಆರಂಭಿಕ ಫಂಕ್ಷನ್‌ಗೆ ಮೊದಲು 'ಕಾಲಿಂಗ್', ಸರಿಯಾಗಿ ಮುಗಿದಾಗ 'ರಿಟರ್ನ್ಡ್ 0' ಎಂಬ ಸಾಲು ಬರುತ್ತದೆ. ಕೊನೆಯಲ್ಲಿ 'ಕಾಲಿಂಗ್' ಇದ್ದು 'ರಿಟರ್ನ್ಡ್' ಬಾರದ ಹೆಸರನ್ನು ಬರೆದುಕೊಳ್ಳಿ. ಕೆಲವು ಡ್ರೈವರ್‌ಗಳು ಬೇರೆ ಥ್ರೆಡ್‌ನಲ್ಲಿ ಸಮಾನಾಂತರವಾಗಿ ಓಡುವುದರಿಂದ ಒಂದೇ ಸಲ ನೋಡಿ ತೀರ್ಪು ಕೊಡುವುದು ಬೇಡ. ಮರಳಿ ಬೂಟ್ ಮಾಡಿದಾಗಲೂ ಅದೇ ಹೆಸರು ಬಂದರೆ 'ಇನಿಟ್‌ಕಾಲ್_ಬ್ಲ್ಯಾಕ್‌ಲಿಸ್ಟ್=' ಮುಂದೆ ಅದನ್ನು ಕೊಟ್ಟು ನೋಡಿ. ದಾಟಿತೆಂದರೆ ಕಳ್ಳ ಸಿಕ್ಕಂತೆ.

ಕೊನೆಯ ಸಾಲು 'ವೇಟಿಂಗ್ ಫಾರ್ ರೂಟ್ ಡಿವೈಸ್' ಆಗಿದ್ದರೆ ಅದು ಫ್ರೀಜೇ ಅಲ್ಲ. ಮೂಲ ಡಿಸ್ಕು ಸಿಗುವವರೆಗೆ ಕಾಯಲು ಹೇಳುವ 'ರೂಟ್‌ವೇಟ್' ಕೊಟ್ಟಿದ್ದೀರಿ, ಡಿಸ್ಕಿನ ಡ್ರೈವರ್ ಇಲ್ಲ. ಕರ್ನಲ್ ಕಾಯುತ್ತಲೇ ಇರುತ್ತದೆ. 'ಮೇಕ್ ಲೋಕಲ್‌ಮಾಡ್‌ಕಾನ್ಫಿಗ್' ಬಳಸಿದವರಿಗೆ ಇದು ಮಾಮೂಲು, ಏಕೆಂದರೆ ಅದು ಆ ಹೊತ್ತಿಗೆ ಲೋಡ್ ಆಗಿದ್ದ ಮಾಡ್ಯೂಲ್‌ಗಳನ್ನಷ್ಟೇ ಉಳಿಸುತ್ತದೆ. ಹಳೆ, ಹೊಸ ಕಾನ್ಫಿಗ್ ಫೈಲುಗಳನ್ನು ಕರ್ನಲ್ ಸೋರ್ಸಿನ ಸ್ಕ್ರಿಪ್ಟ್ಸ್ ಫೋಲ್ಡರಿನಲ್ಲಿರುವ 'ಡಿಫ್‌ಕಾನ್ಫಿಗ್'ನಿಂದ ತಾಳೆ ನೋಡಿ.

ಪ್ರಶ್ನೆ: ಅಡಿಕೆ ತೋಟದ ಪಂಪಿಗೆ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಜೋಡಿಸಿದ್ದೇವೆ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದ ಮೇಲೆ ಬೂಟ್ ಆಗುವುದೇ ಇಲ್ಲ. ಕರ್ನಲ್ ದೋಷವೇ?
– ಓದುಗರು, ಶಿರಸಿ

ಉತ್ತರ: ಬಹುತೇಕ ಅಲ್ಲ, ಎಸ್‌ಡಿ ಕಾರ್ಡು ನೋಡಿ. ಹಸಿರು ದೀಪ 4 ಸಲ ಮಿನುಗಿದರೆ ಸ್ಟಾರ್ಟ್ ಫೈಲ್, 7 ಸಲವಾದರೆ ಕರ್ನಲ್ ಫೈಲ್ ಸಿಗುತ್ತಿಲ್ಲ ಎಂದರ್ಥ. ಕಾರ್ಡನ್ನು ಬೇರೆ ಲಿನಕ್ಸ್ ಕಂಪ್ಯೂಟರಿಗೆ ಹಾಕಿ, ಮೌಂಟ್ ಮಾಡದೆ, ಫೈಲ್ ಸಿಸ್ಟಮ್ ಪರೀಕ್ಷಿಸಿ ಸರಿಪಡಿಸುವ 'ಎಫ್‌ಎಸ್‌ಸಿಕೆ' ಓಡಿಸಿ. ಆಗಲೂ ನಿಂತರೆ 'ಕಾನ್ಫಿಗ್.ಟಿಎಕ್ಸ್‌ಟಿ'ಯಲ್ಲಿ 'ಎನೇಬಲ್_ಯುಎಆರ್‌ಟಿ=1' ಸೇರಿಸಿ, 3.3 ವೋಲ್ಟಿನ ಯುಎಸ್‌ಬಿ ಸೀರಿಯಲ್ ಅಡಾಪ್ಟರ್ ಜೋಡಿಸಿ: 6ನೇ ಪಿನ್ ಗ್ರೌಂಡ್, 8ನೆಯದು ಅಡಾಪ್ಟರಿನ ಆರ್‌ಎಕ್ಸ್‌ಗೆ, 10ನೆಯದು ಟಿಎಕ್ಸ್‌ಗೆ. ಅಡಾಪ್ಟರಿನ 5 ವೋಲ್ಟ್ ತಂತಿ ಮುಟ್ಟಿಸಬೇಡಿ. 'ಸಿಎಂಡಿಲೈನ್.ಟಿಎಕ್ಸ್‌ಟಿ'ಯಲ್ಲಿ 'ಕನ್ಸೋಲ್=ಸೀರಿಯಲ್0,115200' ಇರಲಿ, ಆದರೆ ಆ ಫೈಲು ಪೂರ್ತಿ ಒಂದೇ ಸಾಲಿನಲ್ಲಿರಬೇಕು. ಮತ್ತೆ ಹೀಗಾಗದಂತೆ 'ರಾಸ್ಪಿ-ಕಾನ್ಫಿಗ್'ನಲ್ಲಿ ಓವರ್‌ಲೇ ಫೈಲ್ ಸಿಸ್ಟಮ್ ಆನ್ ಮಾಡಿ. ಆಗ ಕಾರ್ಡಿನ ಮೇಲೆ ಬರವಣಿಗೆ ನಡೆಯುವುದಿಲ್ಲ. ಪಂಪಿನ ಲೆಕ್ಕವನ್ನು ಬೇರೆ ಪೆನ್‌ಡ್ರೈವಿನಲ್ಲಿಡಿ.

ಪ್ರಶ್ನೆ: ಕ್ಯೂಎಮು (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ಅನುಕರಿಸುವ ಪ್ರೋಗ್ರಾಂ) ಒಳಗೆ ಕರ್ನಲ್ ನಿಲ್ಲುತ್ತಿದೆ. ಜಿಡಿಬಿ ಎಂಬ ಡೀಬಗರ್‌ನಲ್ಲಿ ಬ್ರೇಕ್‌ಪಾಯಿಂಟ್ (ಓಟ ನಿಲ್ಲಿಸುವ ಜಾಗ) ಇಟ್ಟರೂ ತಾಗುವುದಿಲ್ಲ.
– ಓದುಗರು, ಕುಮಟಾ

ಉತ್ತರ: ಕಮಾಂಡ್‌ಲೈನಿನಲ್ಲಿ 'ನೋಕೆಎಎಸ್ಎಲ್ಆರ್' ಇಲ್ಲದಿದ್ದರೆ ಕರ್ನಲ್ ಪ್ರತಿ ಸಲ ಬೇರೆ ವಿಳಾಸದಲ್ಲಿ ಕೂರುತ್ತದೆ, ಜಿಡಿಬಿ ತಪ್ಪು ಜಾಗದಲ್ಲಿ ಕಾಯುತ್ತದೆ. ಅದನ್ನು ಸೇರಿಸಿ, ಸಣ್ಣ ಎಸ್ ಮತ್ತು ದೊಡ್ಡ ಎಸ್ ಎರಡೂ ಆಯ್ಕೆ ಕೊಟ್ಟು ಕ್ಯೂಎಮು ಶುರುಮಾಡಿ, 1234ನೇ ಪೋರ್ಟಿಗೆ ಜಿಡಿಬಿ ಜೋಡಿಸಿ. 'ಸ್ಟಾರ್ಟ್_ಕರ್ನಲ್' ಮೇಲೆ 'ಬ್ರೇಕ್' ಬದಲು ಹಾರ್ಡ್‌ವೇರ್ ಬ್ರೇಕ್‌ಪಾಯಿಂಟ್ ಇಡುವ 'ಎಚ್‌ಬ್ರೇಕ್' ಬಳಸಿ. ಜಿಡಿಬಿಗೆ ಕೊಡಬೇಕಾದದ್ದು ಬೂಟ್‌ಗೆ ಬಳಸುವ ಸಂಕುಚಿತ ಬಿಜ್‌ಇಮೇಜ್ ಅಲ್ಲ, ಡೀಬಗ್ ಇನ್ಫೋ ಸಹಿತ ಕಟ್ಟಿದ ವಿಎಂಲಿನಕ್ಸ್ ಫೈಲು. ಫ್ರೀಜ್ ಆದಾಗ ಜಿಡಿಬಿಯಲ್ಲಿ ಕಂಟ್ರೋಲ್-ಸಿ ಒತ್ತಿ 'ಬಿಟಿ' ಎಂದರೆ ಯಾವ ಫಂಕ್ಷನ್‌ನಲ್ಲಿ ಸುತ್ತುತ್ತಿದೆಯೆಂದು ತಿಳಿಯುತ್ತದೆ.